ಬಾಗಿಲ ಬದಿಯ ಮೋರಪಂಖಿ

ಪುತಳಾಬಾಯಿ ಅಡುಗೆಮನೆಯ ಕಿಟಕಿಯಿಂದ ನೋಡಿದ್ದು ಸುಳ್ಳಲ್ಲ. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದ ವಿಶಾಖಾ ತಲೆಬಾಗಿಲ ಬದಿಯ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಕೈಗೆ ರಬ್ಬರಿನ ಗ್ಲೌಸು ಹಾಕಿಕೊಂಡು, ಹಳೆಯ ಚಮಚದಿಂದ ಮಣ್ಣು ಕೆದರುತ್ತಿದ್ದಳು. ಕೆದರಿದ್ದನ್ನು ಕರೀ ಕ್ಯಾರಿಬ್ಯಾಗಿಗೆ ತುಂಬಿದಳು. ಒಂದು ಪೊಟ್ಟಣ ಬಿಚ್ಚಿ ಅದರಲ್ಲಿದ್ದದ್ದನ್ನು ಕುಂಡಕ್ಕೆ ಸುರಿದು ಅಂಗೈಯಿಂದ ಒತ್ತಿದಳು. ಆಮೇಲೆ ಅತ್ತ ಇತ್ತ ನೋಡಿ, ಗೇಟು ಸದ್ದಾಗದ ಹಾಗೆ ತೆರೆದು, ಚೀಲ ಹಿಡಿದು ಹೊರಗೆ ಹೋದಳು. ಒಳ್ಳೆಯ ಕೆಲಸ ಮಾಡುವವರು ಹೀಗೆ ಅತ್ತ ಇತ್ತ ನೋಡುತ್ತಾರೆಯೇ?

ಆ ಗಿಡಗಳನ್ನು ಕೊಟ್ಟವಳೂ ವಿಶಾಖಾಳೇ. ಬೀದರದ ಚಿದ್ರಿಯಲ್ಲಿ ಪುತಳಾಬಾಯಿಯ ಮನೆಗೆ ಅಂಗಳವೆಂದರೆ ಎರಡು ಸ್ಕೂಟರ್ ನಿಲ್ಲಿಸಿದರೆ ಮುಗಿಯಿತು ಅನ್ನುವಷ್ಟು. ಡಾಬಕಾ ಊರಿನ ಈ ಹುಡುಗಿ ಬೀದರದ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿ ಬಂದಾಗ ತಂದಿದ್ದು ಒಂದು ಹಾಸಿಗೆ, ಒಂದು ಸ್ಟೋವು, ಉಳಿದದ್ದೆಲ್ಲ ಕುಂಡ. ಅದರಲ್ಲಿ ಕುಳ್ಳ ಜುನಿಪರ್, ಉಂಡೆಯಂಥ ಮೋರಪಂಖಿ, ನೆಲಕ್ಕೆ ಹರಡುವ ಇನ್ನೊಂದು. ಎಷ್ಟು ವರ್ಷ ಸಾಕಿದರೂ ಮೊಣಕಾಲು ದಾಟದ ಗಿಡಗಳು. ಇಂಥ ಗಿಡದಿಂದ ನೆರಳಿಲ್ಲ, ಹಣ್ಣಿಲ್ಲ, ಹೂವಿಲ್ಲ, ಮತ್ಯಾತಕ್ಕೆ ಎಂದು ಪುತಳಾಬಾಯಿ ನಕ್ಕಿದ್ದಳು. ಆದರೆ ಬಂಗಾರದ ಬಣ್ಣದ ಎರಡು ಮೋರಪಂಖಿಯನ್ನು ಬಾಗಿಲ ಎರಡೂ ಬದಿಗೆ ಇಟ್ಟುಕೊಟ್ಟ ಮೇಲೆ ಓಣಿಯ ಮಂದಿ ನಿಂತು ನೋಡಿ ಹೋಗುವಂತಾಯಿತು. ಪುತಳಾಬಾಯಿ ಹಿಗ್ಗಿದಳು.

ವಿಶಾಖಾ ಬೌದ್ಧರ ಹುಡುಗಿ. ಈ ಓಣಿಯಲ್ಲಿ ಖೋಲಿ ಕೇಳಿದಾಗ ಮೊದಲು ಇದೆ ಎಂದವರು, ಅಡ್ಡಹೆಸರು ಕೇಳಿದ ಮೇಲೆ ಇಲ್ಲ ಎಂದಿದ್ದರು. ಪುತಳಾಬಾಯಿ ಮಾತ್ರ, ಇಬ್ಬರೂ ಔರಾದ ತಾಲೂಕಿನವರು, ನನ್ನ ತವರು ಠಾಣಾ ಕುಶನೂರ, ನಿನ್ನದು ಡಾಬಕಾ, ಬಾ ಎಂದು ಕೀಲಿ ಕೊಟ್ಟಿದ್ದಳು. ಹೆಣ್ಣು ಮಕ್ಕಳಿಲ್ಲದ ಹೆಂಗಸು. ಹುಡುಗಿ ಆಯಿ ಎಂದು ಕರೆದದ್ದೇ ತಡ, ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಿಸುವಷ್ಟು ಹಚ್ಚಿಕೊಂಡಳು. ಎದುರುಮನೆಯ ಗಂಗುಬಾಯಿ ಅಡುಗೆಮನೆ ತನಕ ಬಿಟ್ಟುಕೊಂಡಿದ್ದೀಯಾ ಎಂದು ಮೂಗು ಮುರಿದಾಗ, ನನ್ನ ಅಡುಗೆಮನೆ ನನ್ನ ಇಷ್ಟ ಎಂದು ಬಾಯಿ ಮುಚ್ಚಿಸಿದ್ದಳು. ಇಷ್ಟು ಗಟ್ಟಿ ಹೆಂಗಸಿನ ತಲೆಗೂ ಹುಳ ಹೊಕ್ಕಿತಲ್ಲ, ಅದೇ ಸಿಟ್ಟು ತರಿಸುವ ಮಾತು.

ಮೋರಪಂಖಿಯನ್ನು ಜೋಡಿಯಾಗಿಯೇ ಇಡಬೇಕು, ಒಂದು ಒಣಗಿದರೆ ಆ ಮನೆಯ ಜೋಡಿಗೆ ಕೇಡು ಎಂಬ ಮಾತು ಎಲ್ಲಿಂದಲೋ ಹಬ್ಬಿದೆ. ಬೇಸಿಗೆ ಕಾಲಿಟ್ಟ ಹೊತ್ತಿಗೆ ಎಡಬದಿಯ ಗಿಡದ ತುದಿ ಕಂದಿತು. ಅದೇ ವಾರ ಪುತಳಾಬಾಯಿಯ ಗಂಡ ಬಕ್ಕಪ್ಪ ಸ್ಕೂಟರಿನಿಂದ ಬಿದ್ದು ಕಾಲು ಊದಿಸಿಕೊಂಡ. ಟೈರು ಸವೆದಿತ್ತು, ಜಾರಿತು ಎಂದು ಅವನು ಬಡಕೊಂಡರೂ ಯಾರು ಕೇಳಬೇಕು? ಗಂಗುಬಾಯಿ ಬಂದವಳು ಬಕ್ಕಪ್ಪನ ಕಾಲು ನೋಡಲಿಲ್ಲ, ಗಿಡ ನೋಡಿದಳು. ಇಲಿ ಎಂದರೆ ಹುಲಿ ಎನ್ನುವ ಬಾಯಿ ಅದು.

"ಜೋಡಿ ಗಿಡದಾಗ ಒಂದು ಒಣಗಲಕತ್ತದ. ಕೊಟ್ಟವರು ಯಾರು, ದಿನಾ ಮುಟ್ಟೋರು ಯಾರು, ನೀವೇ ನೋಡ್ಕೋರಿ," ಎಂದು ಇಷ್ಟೇ ಹೇಳಿ ಎದ್ದುಹೋದಳು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ವಿಶಾಖಾ ವಾರಕ್ಕೊಮ್ಮೆ ಕುಂಡ ತಿರುಗಿಸಿಡುವುದು ಮೊದಲಿನಿಂದ ಇದ್ದದ್ದೇ. ಈಗ ಪುತಳಾಬಾಯಿಗೆ ಗಿಡದ ಸತ್ತ ಮುಖವನ್ನು ತನ್ನ ಹೊಸ್ತಿಲ ಕಡೆಗೆ ತಿರುಗಿಸಿದಂತೆ ಕಂಡಿತು. ನೀರು ಬಸಿಯಲೆಂದು ಕುಂಡದಡಿ ಇಟ್ಟ ಇಟ್ಟಂಗಿ ಚೂರುಗಳನ್ನು ಎತ್ತಿ, ಕೆಳಗೆ ಮಾಟದ್ದು ಏನಾದರೂ ಹುಗಿದಿದೆಯೇ ಎಂದು ನೋಡಿದಳು. ಮಣ್ಣು ಸಡಿಲವಾಗಿರಲೆಂದು ವಿಶಾಖಾ ಬೆರೆಸಿದ್ದ ಬಿಳಿ ಹರಳುಗಳನ್ನು ಆಯ್ದು ಗಂಗುಬಾಯಿಗೆ ತೋರಿಸಿದಳು. ಗಂಗುಬಾಯಿಗೆ ತೋರಿಸಿದರೆ ಓಣಿಗೆಲ್ಲ ತೋರಿಸಿದ ಹಾಗೆಯೇ. ಗ್ಲೌಸು ಹಾಕಿಕೊಂಡು ಮಣ್ಣು ಕೆದರಿದ್ದನ್ನು ಕಂಡದ್ದು ಇದಾದ ಮೇಲೆ. ಇನ್ನೇನು ಬೇಕು?

ಅವತ್ತು ಸಂಜೆ ವಿಶಾಖಾ ಲ್ಯಾಬಿನಿಂದ ಬರುವುದನ್ನೇ ಕಾಯ್ದಳು. ಬಕ್ಕಪ್ಪ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಗಂಗುಬಾಯಿ ಸರಿಯಾಗಿ ಅದೇ ಹೊತ್ತಿಗೆ ಗೇಟಿನ ಹತ್ತಿರ ಕೊತ್ತಂಬರಿ ಸೋಸುತ್ತ ನಿಂತಿದ್ದಳು.

"ಮುಂಜಾನಿ ಕುಂಡದಾಗ ಏನ್ ಹುಗದಿ?"

ಹುಡುಗಿ ಹೆಗಲ ಚೀಲ ಇಳಿಸಿದಳು. "ಹುಗದಿಲ್ರಿ ಆಯಿ. ಮಣ್ಣು ಬದಲಿ ಮಾಡೀನಿ."

"ಮಣ್ಣು ಬದಲಿ ಮಾಡ್ಲಿಕ್ಕೆ ಕಳ್ಳರಂಗ ಯಾಕ ಬೇಕು?"

ವಿಶಾಖಾ ಗೇಟಿನ ಕಡೆ ನೋಡಿದಳು, ಬಕ್ಕಪ್ಪನ ಕಾಲಿನ ಕಡೆ ನೋಡಿದಳು. ಹೇಳಿದರೆ ನಿಮಗೆ ಬೇಸರವಾಗುತ್ತದೆ ಎಂದಷ್ಟೇ ಹೇಳಿ ತಲೆ ತಗ್ಗಿಸಿದಳು. ಪುತಳಾಬಾಯಿಗೆ ಅದು ತಪ್ಪೊಪ್ಪಿಕೊಂಡಂತೆಯೇ ಕೇಳಿಸಿತು. ಖೋಲಿ ಖಾಲಿ ಮಾಡು ಎಂದುಬಿಟ್ಟಳು. ಅಂದ ಮೇಲೆ ಒಳಗೆ ಹೋಗಿ ಅತ್ತಳು, ಅದು ಬೇರೆ ಮಾತು. ವಿಶಾಖಾ ಸಣ್ಣ ಟೆಂಪೋದಲ್ಲಿ ತನ್ನ ಕುಂಡಗಳನ್ನು ಹೇರಿಕೊಂಡು ಭಾಲ್ಕಿಯ ಚಿಕ್ಕಮ್ಮ ಕೇಶರಬಾಯಿಯ ಮನೆಗೆ ಹೋದಳು. ಬಾಗಿಲ ಜೋಡಿಯನ್ನು ಮುಟ್ಟಲಿಲ್ಲ.

ಪೀಡೆ ತೊಲಗಿತು ಎಂದು ಗೇಟಿಗೆ ಬೀಗ ಬಿತ್ತು. ಠಾಣಾ ಕುಶನೂರದಿಂದ ಅವಳ ತಮ್ಮನು ಬಸ್ಸಿಗೆ ಹಾಕಿ ಕಳಿಸಿದ್ದ ಕುರಿ ಹಿಕ್ಕೆ ಗೊಬ್ಬರದ ಹೊಸ ಚೀಲವನ್ನು ಬಿಚ್ಚಿ, ಇನ್ನಾದರೂ ಉಂಡು ಬದುಕಿರಿ ಎಂದು ಪುತಳಾಬಾಯಿ ಎರಡೂ ಕುಂಡಕ್ಕೆ ಬೊಗಸೆ ಬೊಗಸೆ ಸುರಿದಳು. ತವರಿನಲ್ಲಿ ಒಂದು ರಾತ್ರಿ ಕುರಿ ಮಂದೆ ಮಲಗಿದ ಹೊಲಕ್ಕೆ ಮರುವರ್ಷ ಬಂದ ತೊಗರಿಯನ್ನು ನೋಡಿ ಬೆಳೆದವಳು ಅವಳು. ಹಿಕ್ಕೆಗಿಂತ ದೊಡ್ಡ ಔಷಧ ಅವಳ ಲೆಕ್ಕದಲ್ಲಿ ಇರಲೇ ಇಲ್ಲ. ಹಿಂದಿನ ಚಳಿಗಾಲದಿಂದಲೂ ಕುಂಡಗಳಿಗೆ ಹಾಕುತ್ತಲೇ ಬಂದಿದ್ದಳು. ಈ ಗಿಡದ ಹೊಟ್ಟೆ ಸಣ್ಣದು, ಹಸಿ ಹಿಕ್ಕೆ ಬೇರು ಸುಡುತ್ತದೆ ಎಂದು ವಿಶಾಖಾ ಒಮ್ಮೆ ಅಂದಾಗ, ಕುರಿಯ ನಡುವೆ ಹುಟ್ಟಿದವಳಿಗೆ ನೀನು ಹಿಕ್ಕೆಯ ಪಾಠ ಹೇಳುತ್ತೀಯಾ ಎಂದು ಮೈಮೇಲೆ ಹೋಗಿದ್ದಳು. ಹುಡುಗಿ ಮತ್ತೆ ಆ ಮಾತು ಎತ್ತಿರಲಿಲ್ಲ.

ಬೀಗ ಹಾಕಿದ ಅಂಗಳದಲ್ಲಿ, ಬೇರೆ ಯಾರೂ ಮುಟ್ಟದ ಕುಂಡದಲ್ಲಿ, ಬಲಬದಿಯ ಗಿಡವೂ ಕಂದತೊಡಗಿತು. ಪುತಳಾಬಾಯಿ ಮೊದಲು ಹಾಲಿನವನ ಮೇಲೆ ಸಂಶಯಪಟ್ಟಳು. ಆಮೇಲೆ ಗಂಗುಬಾಯಿಯ ಮೇಲೇ ಸಂಶಯಪಟ್ಟಳು, ಬಟ್ಟೆ ಒಗೆದ ಸೋಡಾ ನೀರು ಗೋಡೆ ದಾಟಿಸಿ ಚೆಲ್ಲಿರಬೇಕೆಂದು. ಸಂಶಯ ಪಡಲು ಯಾರೂ ಉಳಿಯದಾದಾಗ ಕುಂಡಕ್ಕೇ ಕೈ ಹಾಕಿದಳು. ಹಿಕ್ಕೆಯ ಘಾಟು ಮೂಗಿಗೆ ಬಡಿಯಿತು. ಬೇರು ಕರ್ರಗೆ, ಹಿಡಿದರೆ ಕೈಗೇ ಬರುತ್ತಿತ್ತು. ಎಡಬದಿಯ ಕುಂಡದಲ್ಲಿ ಮಾತ್ರ, ವಿಶಾಖಾ ಕೆದರಿ ಕೆಂಪು ಮೊರಂ ಮಣ್ಣು ಮತ್ತು ಬಿಳಿ ಹರಳು ತುಂಬಿದ್ದ ಕಡೆ, ಒಂದು ಹಿಡಿ ಬೇರು ಬಿಳಿಯಾಗಿ ಉಳಿದಿತ್ತು. ಅದರ ಮೇಲಿನ ಟೊಂಗೆಯಷ್ಟೇ ಹಸಿರಾಗಿತ್ತು. ಹುಡುಗಿ ಕದ್ದು ಒಯ್ದ ಕರೀ ಚೀಲದಲ್ಲಿ ಏನಿತ್ತು ಎಂದು ಈಗ ಯಾರೂ ಹೇಳಿಕೊಡಬೇಕಿರಲಿಲ್ಲ. ಪುತಳಾಬಾಯಿ ಮಣ್ಣಿನ ಕೈಯಲ್ಲೇ ಹಣೆ ಹಣೆ ಬಡಿದುಕೊಂಡಳು.

ಮರುದಿನ ಭಾಲ್ಕಿ ಬಸ್ಸು ಹತ್ತಿದಳು. ಕೇಶರಬಾಯಿ ಬಾಗಿಲು ತೆರೆದು, ಯಾರೆಂದು ತಿಳಿದ ಮೇಲೂ ಒಳಗೆ ಕರೆದು ಚಹಾ ಕೊಟ್ಟಳು. ಗ್ಯಾಲರಿಯಲ್ಲಿ ವಿಶಾಖಾಳ ಕುಳ್ಳ ಗಿಡಗಳೆಲ್ಲ ಹಸಿರಾಗಿ ಕೂತಿದ್ದವು. ಪುತಳಾಬಾಯಿ ಸುತ್ತಿ ಬಳಸಲಿಲ್ಲ. ತಪ್ಪು ನನ್ನದು, ಗಿಡ ಸುಟ್ಟಿದ್ದು ನನ್ನ ಹಿಕ್ಕೆ, ನಿನ್ನ ಖೋಲಿ ಹಾಗೇ ಇದೆ, ಇವತ್ತೇ ನಡಿ ಎಂದಳು.

ವಿಶಾಖಾ ಅಳಲಿಲ್ಲ, ಸಿಟ್ಟಾಗಲೂ ಇಲ್ಲ. ಒಣಗಿದ ಟೊಂಗೆ ಮತ್ತೆ ಚಿಗುರುವುದಿಲ್ಲ, ಹಸಿರು ಇದ್ದಷ್ಟನ್ನು ತೊಳೆದು ಬೇರೆ ಮಣ್ಣಿಗೆ ಹಾಕಿ ಎಂದು ಹೇಳಿದಳು. ಆಮೇಲೆ ಉಳಿದದ್ದನ್ನೂ ಹೇಳಿದಳು. ಚಿದ್ರಿಯಲ್ಲೇ ಬೇರೆ ಖೋಲಿ ನೋಡಿದ್ದಳಂತೆ, ಮಾತೂ ಆಗಿತ್ತಂತೆ. ಸಾಮಾನು ತರುವ ದಿನ ಆ ಮನೆಯ ಮಾಲೀಕರು, ನೀನು ಗಿಡದಲ್ಲಿ ಏನೋ ಮಾಡುವ ಹುಡುಗಿಯಂತೆ, ಬೇಡ ಎಂದರಂತೆ. ಈಗ ದಿನಾ ಭಾಲ್ಕಿಯಿಂದಲೇ ಓಡಾಟ. ಮುಂಜಾನೆಯ ಪಾಳಿಗೆ ತಡವಾಗಿ ಲ್ಯಾಬಿನಲ್ಲಿ ಎರಡು ಸಲ ಬೈಸಿಕೊಂಡಿದ್ದಾಳೆ. ಇನ್ನೊಮ್ಮೆಯಾದರೆ ಬರಬೇಡ ಎಂದಿದ್ದಾರೆ.

"ವಾಪಸ್ ಬರೋದು ಆಮ್ಯಾಲಿರಿ. ನೀವು ಓಣ್ಯಾಗ ಆಡಿದ ಮಾತು ಮೊದಲ ಓಣ್ಯಾಗೇ ವಾಪಸ್ ತಗೋರಿ. ಅದು ಅಲ್ಲಿ ಇರೋ ತನಕಾ ನಾ ಹ್ಯಾಂಗ ಬರ್ಲಿ?"

ಅಷ್ಟೇ ತಾನೆ ಎಂದು ಪುತಳಾಬಾಯಿಗೆ ಜೀವ ಬಂದಂತಾಯಿತು. ಬಸ್ಸಿಳಿದವಳು ಮನೆಗೂ ಹೋಗಲಿಲ್ಲ, ನೇರ ಗಂಗುಬಾಯಿಯ ಕಟ್ಟೆ ಹತ್ತಿದಳು. ಹಿಕ್ಕೆ, ಬೇರು, ಕರೀ ಚೀಲ, ಒಂದೂ ಬಿಡದೆ ಹೇಳಿದಳು. ಹುಡುಗಿ ನನ್ನ ಗಿಡ ಉಳಿಸಲು ನೋಡಿದಳು, ನಾನು ಅವಳ ಹೆಸರು ಕೆಡಿಸಿದೆ ಎಂದು ಕಣ್ಣೊರೆಸಿಕೊಂಡಳು. ಗಂಗುಬಾಯಿ ನಡುವೆ ಬಾಯಿ ಹಾಕದೆ ಕೇಳಿದಳು. ಅವಳು ಹಾಗೆ ಕೇಳಿದ್ದೇ ಮೊದಲು.

"ಭಾಲ್ಕಿಗೆ ಹೋಗಿದ್ರಲಾ. ಅಲ್ಲಿ ಏನರೆ ಕುಡದ್ರೇನು?"

"ಚಾ ಕುಡದ್ನಿ. ಯಾಕ?"

ಗಂಗುಬಾಯಿ ಒಂದಿಷ್ಟು ಹಿಂದೆ ಸರಿದು ಕೂತಳು. ಅವಳ ದನಿಯಲ್ಲಿ ಈಗ ಕುಹಕವಿರಲಿಲ್ಲ, ನಿಜವಾದ ಮರುಕವಿತ್ತು.

"ಕುರಿಯವರ ಮಗಳು ಹಿಕ್ಕಿ ಗಿಡ ಸುಡತದಂತಾಳಂದ್ರ ಯಾರ ನಂಬ್ಯಾರು? ಇದು ನಿಮ್ಮ ಮಾತಲ್ರಿ ಪುತಳಾಬಾಯಿ. ಆಕಿ ಚಾದಾಗ ಏನರೆ ಹಾಕಿ ನಿಮ್ಮ ಬಾಯಿಲೆ ಹೇಳಿಸ್ಲಕತ್ತಾಳ."

ಪುತಳಾಬಾಯಿ ಆಣೆ ಇಟ್ಟಳು, ಬೈದಳು, ಕುಂಡ ತಂದು ತೋರಿಸುತ್ತೇನೆ ಎಂದಳು. ಹೇಳಿದಷ್ಟೂ ಗಂಗುಬಾಯಿ ತಲೆಯಾಡಿಸುತ್ತ ಹೋದಳು. ಕೊನೆಗೆ ಪುತಳಾಬಾಯಿ ಎದ್ದು ಪಕ್ಕದ ಶಾಲುಬಾಯಿಯ ಮನೆಗೆ ನಡೆದಳು. ಎಲ್ಲಿ ಕಂಡರೂ ಕರೆದು ಒಳಗೆ ಕೂರಿಸುವ ಶಾಲುಬಾಯಿ ಆಗಲೇ ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಗೇಟಿನ ಚಿಲಕದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

"ಏನಿದ್ರೂ ಅಲ್ಲೇ ನಿಂತು ಹೇಳ್ರಿ ಅಕ್ಕಾ."

ಪುತಳಾಬಾಯಿ ಬೀದಿಯಲ್ಲೇ ನಿಂತು ಮೊದಲಿನಿಂದ ಹೇಳತೊಡಗಿದಳು.