ಮರುದೇವಿ ಅಂಗಡಿಯ ಎಣ್ಣೆ

ಗಂಡ ಭುಜಬಲಿ ತೀರಿಕೊಂಡ ಮೂರನೇ ತಿಂಗಳಿಗೆ ಮರುದೇವಿ ಅಂಗಡಿಯ ಬಾಗಿಲು ತೆಗೆದಳು. ಶ್ರವಣಬೆಳಗೊಳದ ಕಲ್ಯಾಣಿಯಿಂದ ಎರಡು ಬೀದಿ ಆಚೆಗಿದ್ದ ಸಣ್ಣ ದಿನಸಿ ಅಂಗಡಿ. ಐವತ್ತೊಂಬತ್ತನೇ ಇಸವಿಯ ಮಾತು. ಹೆಂಗಸು ತಕ್ಕಡಿ ಹಿಡಿದು ಕೂರುವುದನ್ನು ನೆಂಟರು ಒಪ್ಪಲಿಲ್ಲ. ಅವಳು ವಾದ ಮಾಡಲಿಲ್ಲ, ಬೆಳಗ್ಗೆ ಎದ್ದು ಹೋಗಿ ಕೂತಳು.

ಅವಳಿಗೆ ವ್ಯಾಪಾರ ಕಲಿಸಿದವನು ಚಿಕ್ಕಯ್ಯ. ಬಾಗೂರಿನಲ್ಲಿ ಮೂವತ್ತು ವರ್ಷ ಅಂಗಡಿ ಇಟ್ಟಿದ್ದ ಮುದುಕ, ಭುಜಬಲಿಗೆ ಬೆಲ್ಲ ತಂದುಕೊಡುತ್ತಿದ್ದವನು. ಪ್ರತಿ ಸೋಮವಾರ ಬಸ್ಸಿಳಿದು ಬಂದು ಜಗುಲಿಯ ಮೇಲೆ ಕೂತು, ಕಂಡದ್ದನ್ನು ಹೇಳುತ್ತಿದ್ದ. ತಕ್ಕಡಿಯ ಮುಳ್ಳು ಗಿರಾಕಿಯ ಕಣ್ಣಿಗೆ ಕಾಣುವಂತಿರಲಿ. ಬಾಗಿಲು ತೆಗೆಯುವ ಹೊತ್ತು ದಿನಾ ಒಂದೇ ಇರಲಿ. ಹಳೇ ಅಕ್ಕಿ ಮುಗಿಯದೆ ಹೊಸ ಮೂಟೆ ಬಿಚ್ಚಬೇಡ. ಒಬ್ಬರು ಏನು ಕೊಂಡರೆಂದು ಇನ್ನೊಬ್ಬರ ಮುಂದೆ ಆಡಬೇಡ. ಹೊಸ ಕಡೆಯಿಂದ ಬಂದ ಮಾಲನ್ನು ಮೊದಲು ನಿನ್ನ ಮನೆಯಲ್ಲಿ ಉಂಡು ನೋಡು, ಎರಡು ದಿನ ಬಿಟ್ಟು ಮಾರು. ಮರುದೇವಿ ಎಲ್ಲವನ್ನೂ ಪಾಲಿಸಿದಳು. ಕೊನೆಯ ಮಾತನ್ನು ಮಾತ್ರ ಒಂದು ಸಲ ಮೀರಿದಳು.

ಆ ವರ್ಷ ಮಾಘದಲ್ಲಿ ಊರಿನ ಗಾಣ ಕೆಟ್ಟು ನಿಂತಿತ್ತು. ಎಣ್ಣೆ ಕೇಳಿ ಬಂದವರನ್ನೆಲ್ಲ ವಾರದಿಂದ ಬರಿಗೈಯಲ್ಲಿ ಕಳಿಸಿ ಅವಳಿಗೂ ಬೇಸರವಾಗಿತ್ತು. ಅಷ್ಟರಲ್ಲಿ ಪರವೂರಿನ ವ್ಯಾಪಾರಿಯೊಬ್ಬ ಹುಚ್ಚೆಳ್ಳೆಣ್ಣೆಯ ಡಬ್ಬ ಇಳಿಸಿ ಹೋದ. ಮೂಸಿ ನೋಡಿದಳು, ವಾಸನೆ ಸರಿಯಾಗೇ ಇತ್ತು. ಸಂಜೆಯೊಳಗೆ ಹನ್ನೊಂದು ಮನೆಗೆ ಅಳೆದುಕೊಟ್ಟಳು.

ಮೂರನೇ ದಿನ ಸೋಮವಾರ. ಎಣ್ಣೆ ಕೊಂಡಿದ್ದ ಹಿಂದಿನ ಬೀದಿಯ ದೊಡ್ಡಯ್ಯನಿಗೂ ಅವನ ತಾಯಿ ಮಾಯಮ್ಮನಿಗೂ ವಾಂತಿಭೇದಿ, ಮುದುಕಿ ಹಾಸಿಗೆ ಬಿಟ್ಟು ಎದ್ದಿಲ್ಲ ಎಂಬ ಸುದ್ದಿ ಬೆಳಗ್ಗೆಯೇ ಬಂತು. ಚಿಕ್ಕಯ್ಯ ಬಂದಾಗ ಮರುದೇವಿ ನಡೆದದ್ದನ್ನು ಮುಚ್ಚದೆ ಹೇಳಿದಳು. ಎಣ್ಣೆಯಿಂದ ಆಯಿತೆಂದು ಯಾರೂ ಇನ್ನೂ ಅಂದಿಲ್ಲ, ನೀರಿನಿಂದಲೂ ಆಗಿರಬಹುದಲ್ಲ ಎಂದು ಕೇಳಿದಳು.

ಚಿಕ್ಕಯ್ಯ ಜಗುಲಿಯಿಂದ ಎದ್ದ.

"ಆಗಿರ್ಬೌದು. ಆದ್ರೆ ಅವ್ರು ಬಂದು ಕೇಳೋಗಂಟ ಕಾಯ್ಬ್ಯಾಡ ಕಣವ್ವ. ಮಿಕ್ಕಿದ ಮನೇಲಿ ಇವತ್ತೂ ಒಗ್ಗರಣೆ ಆಕ್ತಾರೆ. ನೀನೇ ಓಗಿ ಯೇಳು."

ಅವನನ್ನು ಅಂಗಡಿಯಲ್ಲಿ ಕೂರಿಸಿ ಮರುದೇವಿ ಹೊರಟಳು. ಮೊದಲು ದೊಡ್ಡಯ್ಯನ ಮನೆಗೇ ಹೋದಳು. ಅವನ ಹೆಂಡತಿ ಅನಸೂಯಮ್ಮ ಬಾಗಿಲಿಗೆ ಬಂದಳು.

"ನನ್ನ ಅಂಗಡಿ ಎಣ್ಣೆ ಕೆಟ್ಟದ್ದಿರಬಹುದು ಅನಸೂಯಮ್ಮ. ನಾನು ಉಂಡು ನೋಡದೆ ಮಾರಿಬಿಟ್ಟೆ."

ಅನಸೂಯಮ್ಮ ಒಳಗೆ ಹೋಗಿ ಎಣ್ಣೆಯ ಗಿಂಡಿ ತಂದು ಹೊಸ್ತಿಲಾಚೆ ಇಟ್ಟಳು. ಉಳಿದ ಹತ್ತು ಮನೆಗಳಲ್ಲೂ ಮರುದೇವಿ ಅದೇ ಮಾತು ಹೇಳಿದಳು. ಕೆಲವರು ಬೈದರು, ಒಬ್ಬಾಕೆ ಅವಳೆದುರೇ ಪಲ್ಯವನ್ನು ತಿಪ್ಪೆಗೆ ಸುರಿದಳು. ಕೊನೆಗೆ ಡಬ್ಬವನ್ನೇ ಡಾಕ್ಟರ ಹತ್ತಿರ ಹೊರಿಸಿಕೊಂಡು ಹೋದಳು. ಬೇರೆ ಯಾವುದೋ ಎಣ್ಣೆ ಬೆರೆಸಿದ್ದಾರೆ ಎಂದು ಅವರು ಹೇಳಿದರು.

ದೊಡ್ಡಯ್ಯ ಚೇತರಿಸಿಕೊಂಡ. ಮಾಯಮ್ಮ ಐದನೇ ದಿನ ತೀರಿಕೊಂಡಳು. ಎಪ್ಪತ್ತು ದಾಟಿದ ಜೀವ, ಎಣ್ಣೆಯಿಂದಲೇ ಹೋಯಿತೆಂದು ಹೇಳಲಾಗದು ಎಂದರು ಡಾಕ್ಟರು. ಆ ಮಾತಿನಿಂದ ಮರುದೇವಿಗೆ ಸಮಾಧಾನವಾಗಲಿಲ್ಲ. ಹೆಣ ಎತ್ತುವಾಗ ಬೀದಿಯ ಕೊನೆಯಲ್ಲಿ ನಿಂತಿದ್ದು, ಹತ್ತಿರ ಹೋಗಲಾರದೆ ಹಿಂದಿರುಗಿದಳು.

ಎರಡು ತಿಂಗಳು ಊರಿನವರು ಅಂಗಡಿಯತ್ತ ಬರಲಿಲ್ಲ. ಬೆಟ್ಟಕ್ಕೆ ಬಂದ ಯಾತ್ರಿಕರು ಅಷ್ಟಿಷ್ಟು ಕೊಂಡರು. ಮುಚ್ಚಿಬಿಡಲೇ ಎಂದು ಕೇಳಿದ್ದಕ್ಕೆ, ಅದು ನಿನಗೆ ಬಿಟ್ಟದ್ದು ಎಂದಷ್ಟೇ ಅಂದ ಚಿಕ್ಕಯ್ಯ. ಅವಳು ಎಂದಿನ ಹೊತ್ತಿಗೇ ಬಾಗಿಲು ತೆಗೆದು ಕೂರುತ್ತಿದ್ದಳು.

ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ಅನಸೂಯಮ್ಮ ಬಂದಳು. ಮರುದೇವಿ ಎದ್ದು ನಿಂತಳು.

"ನೀವು ಬಂದು ಯೇಳ್ದಿದ್ರೆ ನನ್ ಮಕ್ಳಿಗೂ ಅದನ್ನೇ ಇಕ್ತಿದ್ದೆ," ಎಂದಳು ಅನಸೂಯಮ್ಮ. "ನಮ್ಮತ್ತೇನ ಮಾತ್ರ ಮರಿಯಕ್ಕಾಗಾಕಿಲ್ಲ."

ಒಂದು ಸೇರು ತೊಗರಿಬೇಳೆ ಕೇಳಿದಳು. ಮರುದೇವಿ ಅಳೆದುಕೊಟ್ಟಳು. ಆಮೇಲೆ ಒಬ್ಬೊಬ್ಬರಾಗಿ ಮಿಕ್ಕವರೂ ಬಂದರು. ಅನಸೂಯಮ್ಮ ಮುಂದೆ ಹತ್ತಾರು ವರ್ಷ ಅಕ್ಕಿ, ಬೇಳೆ, ಉಪ್ಪು ಎಲ್ಲವನ್ನೂ ಅಲ್ಲೇ ಕೊಂಡಳು. ಎಣ್ಣೆ ಮಾತ್ರ ಒಮ್ಮೆಯೂ ಕೇಳಲಿಲ್ಲ. ಬೇಕೇ ಎಂದು ಮರುದೇವಿಯೂ ಕೇಳಲಿಲ್ಲ.