ಮಡಚದ ಹಲಗೆ

ಬಡಗಿ ನನ್ನ ಮುಂದೆ ಎರಡು ಚದುರಂಗದ ಹಲಗೆ ಇಟ್ಟು, ಯಾವುದು ಬೇಕೋ ಆರಿಸಿಕೊಳ್ಳಿ ಎಂದು ತನ್ನ ಕೆಲಸಕ್ಕೆ ತಿರುಗಿದ. ಒಂದಕ್ಕೆ ನಡುವೆ ಹಿತ್ತಾಳೆಯ ಕೀಲು, ಪುಸ್ತಕದ ಹಾಗೆ ಮಡಚಬಹುದು. ಇನ್ನೊಂದು ಅಖಂಡ ಹಲಗೆ, ಎತ್ತಿದರೆ ತೋಳು ಸೋಲುವಷ್ಟು ಭಾರ.

ನಾನು ದರ್ಜಿ. ಒಳಮಗ್ಗುಲು ತಿರುಗಿಸಿ ನೋಡದೆ ಬಟ್ಟೆಗೇ ಕತ್ತರಿ ಹಾಕದವನು, ಮರವನ್ನು ಬಿಟ್ಟೇನೆಯೇ? ಎರಡನ್ನೂ ಬೋರಲು ಹಾಕಿದೆ. ಮನೆಗಳಿಗೆ ಬರೀ ಬಣ್ಣ ಬಳಿದಿದ್ದಾನೋ, ಕಪ್ಪು ಬಿಳಿ ಮರದ ತುಂಡುಗಳನ್ನೇ ಕೂಡಿಸಿದ್ದಾನೋ ಎಂದು ಉಗುರಿನಿಂದ ಗೀರಿದೆ. ತುಂಡುಗಳನ್ನೇ ಕೂಡಿಸಿದ್ದ. ಸಂದುಗಳ ಮೇಲೆ ಬೆರಳಾಡಿಸಿದರೆ ಎಲ್ಲೂ ತಡೆಯಲಿಲ್ಲ. ಅಲ್ಲೇ ಇದ್ದ ಗಾಜಿನ ಹಾಳೆಯ ಮೇಲಿಟ್ಟು ನಾಲ್ಕೂ ಮೂಲೆ ಒತ್ತಿದೆ, ಅಲುಗಲಿಲ್ಲ. ಹೊಳಪು ಕಡಿಮೆ, ಅದೂ ಒಳ್ಳೆಯದೇ, ದೀಪ ಕಣ್ಣಿಗೆ ಹೊಡೆಯುವುದಿಲ್ಲ. ಕೊನೆಗೆ ಕೊರಳಲ್ಲಿದ್ದ ಟೇಪು ತೆಗೆದು ಮನೆಗಳ ಅಳತೆ ನೋಡಿದೆ. ಬಡಗಿ ನಗು ತಡೆಯಲಾರದೆ, ಹಲಗೆಗೂ ಅಂಗಿ ಹೊಲಿಯುತ್ತೀರಾ ಎಂದು ಕೇಳಿದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಲಗೆ ಬೇಕಾಗಿದ್ದು ಹೆಂಡತಿ ಬರುತ್ತಾಳೆಂದು. ಅವಳು ನರ್ಸು. ದೂರದ ಆಸ್ಪತ್ರೆಯೊಂದಕ್ಕೆ ಕರಾರಿನ ಮೇಲೆ ಹೋಗಿ ವರ್ಷಗಳಾದವು. ಮೊದಮೊದಲು ಫೋನಿನಲ್ಲಿ ಮನೆಯ ಮಾತು ಬಂದರೆ ಸಾಕು, ಆ ಕಡೆ ಅವಳು ಮೂಗು ಸೀಟುತ್ತಿದ್ದಳು, ಈ ಕಡೆ ನಾನು ಸುಮ್ಮಸುಮ್ಮನೆ ಕೆಮ್ಮುತ್ತಿದ್ದೆ. ಹೀಗಾದರೆ ಆಗುವುದಿಲ್ಲವೆಂದು ಅವಳೇ ಒಂದು ಕಟ್ಟಳೆ ಮಾಡಿದಳು: ಫೋನಿನಲ್ಲಿ ಚದುರಂಗ ಆಡೋಣ, ಮನೆ ಮಾತು ಬೇಡ. ಅಂದಿನಿಂದ ನಮ್ಮಿಬ್ಬರ ಬಾಯಲ್ಲಿ ಹಲಗೆಯ ಅರವತ್ನಾಲ್ಕು ಮನೆ ಬಿಟ್ಟರೆ ಬೇರೆ ಮನೆಯೇ ಇಲ್ಲ.

ಎದುರುಬದುರು ಕೂತವರಿಗೆ ಎಡಬಲ ಹೇಳಿದರೆ ಗೊಂದಲ. ನಮ್ಮ ಮೇಜು ಕಿಟಕಿಗೂ ಬಾಗಿಲಿಗೂ ನಡುವೆ ಇರುವುದರಿಂದ ನಮಗೆ ಕಿಟಕಿ ಕಡೆ ಕುದುರೆ, ಬಾಗಿಲ ಕಡೆ ಆನೆ. ಅವಳು ಈಗ ಕೂರುವ ಕೋಣೆಗೆ ಕಿಟಕಿಯೇ ಇಲ್ಲವಂತೆ. ಆದರೂ "ಕಿಟಕಿ ಕಡೆ ಕುದುರೆ ನಡೆಸಿದೀನಿ ರೀ" ಅನ್ನುತ್ತಾಳೆ. ಕೇಳುತ್ತಿದ್ದರೆ ಎದುರಿನ ಕುರ್ಚಿಯಲ್ಲೇ ಕೂತಂತೆ; ತಲೆ ಎತ್ತಿದರೆ ಕುರ್ಚಿ ಖಾಲಿ. ಆ ಖಾಲಿ ಕುರ್ಚಿ ನೋಡಿ ನೋಡಿ ನನಗೆ ಸಾಕಾಗಿಹೋಗಿದೆ.

ಮುಂದಿನ ತಿಂಗಳು ಕರಾರು ಮುಗಿಸಿ ಬರುತ್ತಾಳೆ. ಬಂದವಳು ಉಳಿಯುತ್ತಾಳೋ, ಮತ್ತೆ ಹೊರಡುತ್ತಾಳೋ? ಕೇಳೋಣವೆಂದರೆ ಅದು ಮನೆ ಮಾತು. ನಾಲಿಗೆ ತುದಿಗೆ ಬಂದದ್ದನ್ನು ಎಷ್ಟೋ ಸಲ ನುಂಗಿಕೊಂಡು, ಕಾಲಾಳು ಒಂದು ಮನೆ ಮುಂದೆ ಎಂದಿದ್ದೇನೆ.

ಬಡಗಿ ಮಡಚುವುದನ್ನೇ ತೆಗೆದುಕೊಳ್ಳಿ, ಪ್ರಯಾಣಕ್ಕೆ ಅನುಕೂಲ ಎಂದ. ಪ್ರಯಾಣದ ಹೆಸರೆತ್ತಿದ್ದೇ ನನಗೆ ಮೈಯೆಲ್ಲ ಉರಿಯಿತು. ಅವನಿಗೇನು ಗೊತ್ತು ಪಾಪ. ಭಾರದ್ದನ್ನೇ ಕಟ್ಟಿಸಿಕೊಂಡೆ. ಯಾವ ಸೂಟ್‌ಕೇಸಿನಲ್ಲೂ ಹಿಡಿಯದ ಹಲಗೆ. ಇದರ ಮೇಲೆ ಆಡಬೇಕೆಂದರೆ ಅವಳು ಇಲ್ಲೇ ಇರಬೇಕು. ಬಾಯಿಬಿಟ್ಟು ಹೇಳಲಾರದ್ದನ್ನು ಹೆಗಲು ಬದಲಿಸುತ್ತ ಮನೆತನಕ ಹೊತ್ತು ತಂದೆ.

ಸಂಜೆ ಅವಳ ಫೋನು ಬಂತು. ಹೊಸ ಹಲಗೆಯ ಮೇಲೆ ಕಾಯಿ ಜೋಡಿಸಿಟ್ಟಿದ್ದೇನೆ ಎಂದೆ. ಅವಳಿಗೆ ಹಿಗ್ಗೋ ಹಿಗ್ಗು. ಯಾವ ಮರ, ಮನೆ ಎಷ್ಟಗಲ ಎಂದೆಲ್ಲ ವಿಚಾರಿಸಿದಳು. ಆಮೇಲೆ ಕೇಳಿದಳು, "ಮಡಚೋದು ತಾನೇ? ವಾಪಸ್ ಬರೋವಾಗ ತಗೊಂಡು ಬರ್ತೀನಿ. ಇಲ್ಲಿ ಆಸ್ಪತ್ರೆ ಹುಡುಗೀರಿಗೂ ಕಲಿಸಬಹುದು."

ವಾಪಸ್ ಎಂದರೆ ಇಲ್ಲಿಗೆ ಎಂದುಕೊಂಡಿದ್ದವನು ನಾನು. ಕಟ್ಟಳೆ ಹಾಳಾಗಿಹೋಗಲಿ ಎನ್ನಿಸಿತು.

"ಮಡಚೋಕಾಗಲ್ಲ ಕಣೇ. ಬೇಕಂತಲೇ ಅಂಥದ್ದು ತಂದೆ. ನೀನು ಹೋಗಬೇಡ. ನೀನಿಲ್ಲದೆ ನನ್ನ ಕೈಲಿ ಆಗ್ತಿಲ್ಲ."

ಆ ಕಡೆ ಯಾರೋ ಗಾಲಿಮಂಚ ತಳ್ಳಿಕೊಂಡು ಹೋದ ಸದ್ದು ಕೇಳಿಸಿತು. ನಾನು ರಾಜನನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕಾದೆ.

"ಇದೊಂದು ಮಾತು ಹೇಳ್ತೀರೇನೋ ಅಂತ ಪ್ರತಿ ಆಟದಲ್ಲೂ ಕಾದೆ ರೀ," ಅಂದಳು. "ಇನ್ನು ನೀವು ಹೇಳಲ್ಲ ಅಂದ್ಕೊಂಡು, ಮೊನ್ನೆ ಇನ್ನೆರಡು ವರ್ಷದ ಕರಾರಿಗೆ ಸಹಿ ಹಾಕಿಬಿಟ್ಟೆ."