ಐನಾಪುರದ ಬಿಳಿ ಡಬ್ಬಿ

ಲುಂಬಿನಿಗೆ ಡಿಸ್ಟಿಲ್ಡ್ ವಾಟರ್ ಸಿಗಲಿಲ್ಲ. ಸೇಡಂನ ಕಾಲೇಜಿನಲ್ಲಿ ನೀರು ಬಟ್ಟಿ ಇಳಿಸುವ ಯಂತ್ರ ಕೆಟ್ಟು ಎಂಟು ತಿಂಗಳಾಗಿತ್ತು.

ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನ ಪ್ರಬಂಧಕ್ಕೆ ಅವಳು ಆರಿಸಿಕೊಂಡದ್ದು ತೊಗರಿಗೆ ಹೊಡೆಯುವ ಒಂದು ಕೀಟನಾಶಕ. ಅದು ಡಿಎನ್‌ಎಯನ್ನು ಕೆಡಿಸುತ್ತದೆಯೇ ಎಂದು ಈರುಳ್ಳಿಯ ಬೇರಿನಲ್ಲಿ ನೋಡಬೇಕಿತ್ತು. ಮೂರು ಸಾಲು ಈರುಳ್ಳಿಗೆ ಬೇರೆ ಬೇರೆ ಪ್ರಮಾಣದ ಔಷಧಿ, ನಾಲ್ಕನೆಯ ಸಾಲಿಗೆ ಬರೀ ಶುದ್ಧ ನೀರು. ಆ ನೀರನ್ನು ಅವಳು ತನ್ನೂರು ಐನಾಪುರದ ಬಾವಿಯಿಂದ ತಂದಳು. ಊರೆಲ್ಲ ಕುಡಿಯುವ ನೀರು.

ಬೇರು ಬಂದ ಮೇಲೆ ತುದಿ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ನಡುವೆ ಹೆಬ್ಬೆರಳಿನಿಂದ ಒತ್ತಿ, ಸಾಲಿಗೆ ಸಾವಿರದಂತೆ ಜೀವಕೋಶ ಎಣಿಸಿದಳು. ಔಷಧಿಯ ಸಾಲುಗಳಲ್ಲಿ ವರ್ಣತಂತುಗಳು ತುಂಡಾಗಿದ್ದವು. ಅದು ನಿರೀಕ್ಷಿಸಿದ್ದೇ. ಬರೀ ನೀರಿನ ಸಾಲಿನಲ್ಲಿ ಕೆಟ್ಟ ಕೋಶ ಒಂದೋ ಎರಡೋ ಇರಬೇಕಿತ್ತು. ಮೂವತ್ತೆಂಟು ಇದ್ದವು.

ಮಾರ್ಗದರ್ಶಕ ದೇವೀಂದ್ರಪ್ಪ ಸರ್ ಹಾಳೆ ನೋಡಿ ನಕ್ಕರು. "ನೀರು ಯಾವುದ್ರಾಗ ತಂದಿದ್ದಿ?"

"ಮನ್ಯಾಗಿನ ಬಿಳಿ ಡಬ್ಬ್ಯಾಗ್ರಿ."

"ಯಾವುದರ ಡಬ್ಬಿ ಅದು?"

ಲುಂಬಿನಿಗೆ ಆಗಲೇ ಅದು ಹೊಳೆದದ್ದು. ಐದು ಲೀಟರಿನ ಆ ಡಬ್ಬಿ ತೊಗರಿಗೆ ಹೊಡೆಯುವ ಔಷಧಿಯದೇ. ಖಾಲಿಯಾದ ಮೇಲೆ ಅವಳ ಅವ್ವ ಭೀಮಬಾಯಿ ಬೂದಿ, ಹುಣಸೆಹಣ್ಣು ಹಾಕಿ ಮೂರು ಸಲ ತೊಳೆದು, ಹೊಲಕ್ಕೆ ಕುಡಿಯುವ ನೀರು ಒಯ್ಯಲು ಇಟ್ಟುಕೊಂಡಿದ್ದಳು. ಒದ್ದೆ ಗೋಣಿ ಸುತ್ತಿದರೆ ನೀರು ತಣ್ಣಗಿರುತ್ತದೆ. ಒಂದು ಸೋರಿದರೆ ಇನ್ನೊಂದು ಬರುತ್ತದೆ. ಹುಟ್ಟಿದಾಗಿನಿಂದ ಅಂಥದರಲ್ಲೇ ಕುಡಿದವಳಿಗೆ ಅದು ಔಷಧಿಯ ಡಬ್ಬಿ ಅನ್ನಿಸಿರಲೇ ಇಲ್ಲ.

"ಭಾಳ ಶಾಣ್ಯಾಕಿ ಇದ್ದಿ," ಸರ್ ಅಂದರು. "ಈ ಸಾಲು ತಗದ ಒಗದ್ಬಿಡು. ಹೋದ ವರ್ಷ ಪೂನಮ್ ಇದೇ ಪ್ರಯೋಗ ಮಾಡ್ಯಾಳ. ಆಕಿ ನೀರಿನ ಅಂಕಿ ತೊಗೊಂಡು ಬರಿ. ಶನಿವಾರ ಕೊನೀ ದಿನ."

"ಒಗಿಯಂಗಿಲ್ರಿ."

"ಇದು ರಿಸಲ್ಟ್ ಅಲ್ಲವ್ವಾ, ತಪ್ಪು."

"ತಪ್ಪು ನಂದ ಖರೇರಿ. ಆದ್ರ ಇಂಥ ಡಬ್ಬಿ ನೀರು ಊರ ಮಂದಿ ಇವತ್ತೂ ಕುಡಿಲಿಕತ್ತಾರ."

"ಉಳ್ಳಾಗಡ್ಡಿ ಮನಷ್ಯಾ ಏನು?"

"ಅಲ್ರಿ. ಅದಕ್ಕ ಉಳ್ಳಾಗಡ್ಡಿ ಅಂತಾನೇ ಬರಿತೀನಿ."

"ಬರಿ. ನಾ ಸಹಿ ಹಾಕಂಗಿಲ್ಲ."

"ಹಾಕಬ್ಯಾಡ್ರಿ."

ಸಹಿ ಇಲ್ಲದ ಪ್ರಬಂಧವನ್ನು ಆಫೀಸಿನಲ್ಲಿ ತೆಗೆದುಕೊಳ್ಳುವುದಿಲ್ಲ. ಅದು ಗೊತ್ತಿದ್ದೇ ಅವಳು ಅದೇ ದಿನ ಊರಿಗೆಂದು ಚಿಂಚೋಳಿ ಬಸ್ಸು ಹತ್ತಿದಳು. ಕೆಟ್ಟದ್ದು ಬಾವಿಯೋ ಡಬ್ಬಿಯೋ ಎಂಬುದು ತೀರ್ಮಾನವಾಗಬೇಕಿತ್ತು. ಒಂದೇ ಬಾವಿಯ ನೀರನ್ನು ಸ್ಟೀಲಿನ ಕೊಡದಲ್ಲೊಂದು ಪಾಲು, ಡಬ್ಬಿಯಲ್ಲೊಂದು ಪಾಲು ತಂದು, ಹೊಸ ಈರುಳ್ಳಿ ಇಟ್ಟಳು. ಶುಕ್ರವಾರ ಎಣಿಸಿದಾಗ ಕೊಡದ ನೀರಿನಲ್ಲಿ ಕೆಟ್ಟ ಕೋಶ ಎರಡು, ಡಬ್ಬಿಯದರಲ್ಲಿ ನಲವತ್ತೊಂದು. ಎರಡನ್ನೂ ಸೇರಿಸಿ, ತನ್ನ ತಪ್ಪಿಗೆ ಒಂದು ಪುಟ ಕೊಟ್ಟು, ಶನಿವಾರ ಪ್ರಬಂಧ ಒಯ್ದಳು. ಗುಮಾಸ್ತ ಸಹಿಯ ಜಾಗ ನೋಡಿ ಹಿಂದೆ ತಳ್ಳಿದ.

ಭಾನುವಾರ ಮನೆಯಲ್ಲಿ ವಿಷಯ ಹೇಳಿದಾಗ ಭೀಮಬಾಯಿ ಸಿಡುಕಿದಳು. "ಇಪ್ಪತ್ತೈದು ವರ್ಷ ಕುಡದೀನಿ, ಸತ್ತೀನೇನು? ನಿಂಗ ಓದಿಸಿದ್ದು ನನ್ನ ಡಬ್ಬ್ಯಾಗ ತಪ್ಪು ಹುಡಕ್ಲಿಕ್ಕ?"

"ನೀ ಸಾಯ್ತಿ ಅಂತ ನಾ ಅಂದಿಲ್ಲ ಯವ್ವಾ. ಇದಿಷ್ಟು ನೋಡು." ಲುಂಬಿನಿ ಮೊಬೈಲಿನಲ್ಲಿ ಕೋಶಗಳ ಎರಡು ಫೋಟೋ ತೋರಿಸಿದಳು, ಕೊಡದ ನೀರಿನದೊಂದು, ಡಬ್ಬಿ ನೀರಿನದೊಂದು.

ಅವ್ವ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. "ಈ ನೂಲ್ಯಾಕ ಹರದಾದ?"

"ಅದ ಡಬ್ಬಿ ನೀರಿಂದು."

"ಮೂರು ಸಲ ತೊಳದೀನಲ್ಲ?"

"ತೊಳದಿದ್ದನ್ನೇ ನೋಡೀನಿ."

ಭೀಮಬಾಯಿ ಎದ್ದು ಕುಡಗೋಲು ತಂದಳು. ಡಬ್ಬಿಯ ತಳಕ್ಕೆ ಚುಚ್ಚಿ ತಿರುವಿದಳು. ಆಮೇಲೆ ಕುಡಗೋಲು ಹಿಡಿದೇ ಓಣಿಗೆ ಇಳಿದು, ಪಕ್ಕದ ಮನೆಯ ಬಾಗಿಲಲ್ಲಿ ನಿಂತು ಕೂಗಿದಳು: "ಏ ಚಂದ್ರಕಲಾ, ನಿನ್ನ ಡಬ್ಬಿ ತಾ ಹೊರಗ! ಬೈಯೋದು ಆಮ್ಯಾಲ ಬೈಯಂತಿ."

ಸಂಜೆಯ ಹೊತ್ತಿಗೆ ಹೋದದ್ದು ಲುಂಬಿನಿಯ ಒಂದು ಸೆಮಿಸ್ಟರು, ಓಣಿಯ ಮೂವತ್ತೊಂದು ಡಬ್ಬಿ.